ಮೂಕಿಯ ಮೇಲಿನ ಬ್ಯಾಟರಿ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರ್ಕಾರಿ ನೆಲ ಹೇರಳ. ಅಲ್ಲಿನ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯೊಂದರ ಕೈಯಲ್ಲೇ ಸುಮಾರು 24.5 ಕೋಟಿ ಎಕರೆ ಇದೆ. ಕರ್ನಾಟಕದಂಥ ಐದು ರಾಜ್ಯಗಳನ್ನು ಅದರಲ್ಲಿ ಹಾಸಬಹುದು. ಇದರ ಬಹುಭಾಗದಲ್ಲಿ ಯಾರು ಬೇಕಾದರೂ ಗಾಡಿ ನಿಲ್ಲಿಸಿ ತಂಗಬಹುದು. ಸಾಮಾನ್ಯವಾಗಿ ಒಂದೇ ಜಾಗದಲ್ಲಿ 14 ದಿನ, ಅದೂ ಬಾಡಿಗೆಯಿಲ್ಲದೆ. ಅರಿಜೋನಾದ ಕ್ವಾರ್ಟ್ಸ್‌ಸೈಟ್ ಪಕ್ಕದ ಲಾ ಪೋಸಾ ಬಯಲಿನಲ್ಲಿ ಶುಲ್ಕ ಕಟ್ಟಿ ಪರವಾನಗಿ ಪಡೆದರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೂ ಇರಬಹುದು. ಆಕಾಶ, ಗುಡ್ಡ, ಮೌನ ಎಲ್ಲವೂ ಧಾರಾಳ. ಇಲ್ಲದ್ದು ಒಂದೇ, ಕರೆಂಟಿನ ಕಂಬ.

ಇಂಥ ಕಡೆಗೆ ಜನ ಎಳೆದುಕೊಂಡು ಹೋಗುವ ಮನೆಯೇ ಟ್ರಾವೆಲ್ ಟ್ರೇಲರ್. ಇದಕ್ಕೆ ಸ್ವಂತ ಎಂಜಿನ್ ಇಲ್ಲ. ಪಿಕಪ್ ಅಥವಾ ದೊಡ್ಡ ಕಾರಿನ ಹಿಂದೆ ಸಿಕ್ಕಿಸಿಕೊಂಡು ಬರುತ್ತದೆ. ಒಳಗೆ ಮಂಚ, ಒಲೆ, ಫ್ರಿಜ್, ಬಚ್ಚಲು, ಚಳಿಗೆ ಹೀಟರ್ ಎಲ್ಲ ಇರುತ್ತವೆ. ಶುಲ್ಕದ ಶಿಬಿರತಾಣಗಳಲ್ಲಿ 120 ವೋಲ್ಟ್‌ನ ಪ್ಲಗ್ ಸಿಗುತ್ತದೆ. ಬಯಲಿನಲ್ಲಿ ಉಳಿಯುವುದು ಟ್ರೇಲರ್ ಕೊಳ್ಳುವಾಗ ಜೊತೆಗೆ ಬಂದ 12 ವೋಲ್ಟ್‌ನ ಒಂದು ಬ್ಯಾಟರಿ ಮಾತ್ರ. ಅದು ಸಾಲದು ಎಂಬುದು ಮೊದಲ ಚಳಿಯ ರಾತ್ರಿಯಲ್ಲೇ ಗೊತ್ತಾಗುತ್ತದೆ. ಇನ್ನೊಂದನ್ನು ಸೇರಿಸೋಣ ಎಂಬ ಯೋಚನೆ ಹುಟ್ಟುವುದು ಆಗಲೇ. ಆದರೆ ಹೆಚ್ಚುವರಿ ಬ್ಯಾಟರಿ ವಿದ್ಯುತ್ತಿನ ಪ್ರಶ್ನೆಯಾಗಿರುವಷ್ಟೇ ತೂಕದ ಪ್ರಶ್ನೆಯೂ ಹೌದು. ಅಂಗಡಿಯವರು ಮೊದಲನೆಯದನ್ನು ವಿವರವಾಗಿ ಹೇಳುತ್ತಾರೆ. ಎರಡನೆಯದನ್ನು ನಾವೇ ಕೇಳಬೇಕು.

ಒಂದು ರಾತ್ರಿಯ ಖರ್ಚು

ಟ್ರೇಲರಿನ ಒಲೆ, ಹೀಟರ್, ಅನೇಕ ಫ್ರಿಜ್‌ಗಳು ಪ್ರೊಪೇನ್ ಗ್ಯಾಸಿನಿಂದ ನಡೆಯುತ್ತವೆ. ಹಾಗಾಗಿ ಸಿಲಿಂಡರ್ ತುಂಬಿದ್ದರೆ ಸಾಕು ಎಂದು ಹೊಸಬರು ಭಾವಿಸುತ್ತಾರೆ. ಬೆಂಕಿ ಗ್ಯಾಸಿನದೇ, ಆದರೆ ಬಿಸಿಗಾಳಿಯನ್ನು ಮನೆಯೊಳಗೆ ತಳ್ಳುವ ಫ್ಯಾನು ಬ್ಯಾಟರಿಯದು. ಅದು ಓಡುವಾಗ ಸುಮಾರು 8 ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆಯ ಮರುಭೂಮಿಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿತೆಂದರೆ 40 ಆಂಪಿಯರ್-ಅವರ್ ಮುಗಿಯಿತು. ಗ್ಯಾಸಿನ ಫ್ರಿಜ್‌ನ ನಿಯಂತ್ರಣ ಫಲಕಕ್ಕೆ ದಿನಕ್ಕೆ 12, ಎಲ್‌ಇಡಿ ದೀಪಗಳಿಗೆ 5, ಫೋನು ಮತ್ತು ಲ್ಯಾಪ್‌ಟಾಪಿಗೆ 8, ಗ್ಯಾಸ್ ಸೋರಿಕೆಯ ಅಲಾರಮ್ಮಿಗೆ 3, ನೀರಿನ ಪಂಪಿಗೆ 2. ಒಟ್ಟು 70. ಹಳೆಯ ಟ್ರೇಲರಿನಲ್ಲಿ ತಂತಿಯ ಬಲ್ಬುಗಳೇ ಇದ್ದರೆ ಒಂದೊಂದೂ ಒಂದೂವರೆ ಆಂಪಿಯರ್ ನುಂಗುತ್ತದೆ. ಆಗ ದೀಪದ ಪಾಲೇ ಹೀಟರಿನ ಪಾಲಿಗೆ ಸಮನಾಗಬಹುದು.

ಜೊತೆಗೆ ಬಂದ ಬ್ಯಾಟರಿಯ ಸಾಮರ್ಥ್ಯ ಹೆಚ್ಚಾಗಿ 80 ಆಂಪಿಯರ್-ಅವರ್ ಆಸುಪಾಸು. ಅದು ಲೆಡ್ ಆಸಿಡ್ ಬ್ಯಾಟರಿ. ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯುಷ್ಯ ಬೇಗ ಕರಗುತ್ತದೆ. ಎಂದರೆ ನಂಬಿ ಬಳಸಬಹುದಾದದ್ದು 40 ಮಾತ್ರ. ಬೆಳಗಿನ ಜಾವ ವೋಲ್ಟೇಜ್ ಕುಸಿದಾಗ ಫ್ಯಾನಿನ ವೇಗ ತಗ್ಗುತ್ತದೆ. ಹೀಟರಿನೊಳಗೆ ಗಾಳಿಯ ರಭಸವನ್ನು ಗಮನಿಸುವ ಒಂದು ಸಣ್ಣ ಸ್ವಿಚ್ ಇದೆ. ಗಾಳಿ ಸಾಲದಿದ್ದರೆ ಅದು ಬೆಂಕಿ ಹೊತ್ತಲು ಬಿಡುವುದಿಲ್ಲ. ಸಿಲಿಂಡರ್ ತುಂಬಾ ಗ್ಯಾಸ್ ಇದ್ದೂ ಮನೆಮಂದಿ ನಡುಗುತ್ತಾ ಏಳುವುದು ಹೀಗೆ.

ಬ್ಯಾಟರಿ ಕೊಳ್ಳುವ ಮುನ್ನ ಇಂಥ ಪಟ್ಟಿಯನ್ನು ಪ್ರತಿಯೊಬ್ಬರೂ ತಮ್ಮ ಟ್ರೇಲರಿಗೆ ಬರೆದುಕೊಳ್ಳಬೇಕು. ಬಲ್ಬು ಬದಲಿಸಿ ಉಳಿಸಿದ ಕರೆಂಟಿಗೆ ತೂಕವಿಲ್ಲ, ಬೆಲೆಯೂ ಕಡಿಮೆ.

ಮೂರು ದಾರಿಗಳು

ಕಾರಿನ ಬ್ಯಾಟರಿಯನ್ನೇ ತಂದಿಟ್ಟರೆ ಆಗದೇ? ಆಗದು. ಎಂಜಿನ್ ಎಬ್ಬಿಸುವ ಬ್ಯಾಟರಿಯಲ್ಲಿ ತೆಳು ಫಲಕಗಳಿರುತ್ತವೆ; ಕೆಲವೇ ಕ್ಷಣ ಭಾರಿ ಕರೆಂಟು ಕೊಡುವುದು ಅದರ ಕೆಲಸ. ನಿಧಾನವಾಗಿ, ಆಳವಾಗಿ ಖಾಲಿಯಾಗಿ ಮತ್ತೆ ತುಂಬಿಕೊಳ್ಳಲು ದಪ್ಪ ಫಲಕಗಳ ಡೀಪ್ ಸೈಕಲ್ ಬ್ಯಾಟರಿಯೇ ಬೇಕು. ನಮ್ಮ ಮನೆಗಳ ಯುಪಿಎಸ್ ಪಕ್ಕದಲ್ಲಿ ಕೂರುವ, ಆಗಾಗ ಡಿಸ್ಟಿಲ್ಡ್ ವಾಟರ್ ಕೇಳುವ ಟ್ಯೂಬುಲರ್ ಬ್ಯಾಟರಿ ಇದೇ ಕುಲದ್ದು.

ಮೊದಲ ದಾರಿ, ಇರುವ ಬ್ಯಾಟರಿಯ ಪಕ್ಕದಲ್ಲಿ ಅಂಥದ್ದೇ ಇನ್ನೊಂದು 12 ವೋಲ್ಟ್ ಬ್ಯಾಟರಿಯನ್ನು ಸಮಾಂತರವಾಗಿ ಜೋಡಿಸುವುದು. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ವೋಲ್ಟೇಜ್ ಅಷ್ಟೇ ಉಳಿದು ಆಂಪಿಯರ್-ಅವರ್ ಎರಡರಷ್ಟಾಗುತ್ತದೆ. ಎರಡೂ ಒಂದೇ ಬಗೆಯವು, ಒಂದೇ ಅಳತೆಯವು, ಒಂದೇ ವಯಸ್ಸಿನವು ಆಗಿರಬೇಕು. ಹಳತನ್ನು ಹೊಸದಕ್ಕೆ ಗಂಟುಹಾಕಿದರೆ ಹಳತು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ.

ಎರಡನೆಯದು ಗಾಲ್ಫ್ ಗಾಡಿಗಳ 6 ವೋಲ್ಟ್ ಬ್ಯಾಟರಿ. ಇಂಥ ಎರಡನ್ನು ಸರಣಿಯಲ್ಲಿ, ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಕೊಟ್ಟು ಜೋಡಿಸಿದರೆ 12 ವೋಲ್ಟ್ ಸಿಗುತ್ತದೆ, ಸಾಮರ್ಥ್ಯ ಸುಮಾರು 220 ಆಂಪಿಯರ್-ಅವರ್. ದಿನವಿಡೀ ಆಟದ ಬಯಲಿನಲ್ಲಿ ದುಡಿದು ರಾತ್ರಿ ಚಾರ್ಜ್ ಆಗುವ ಬಾಳಿಗೆಂದೇ ರೂಪುಗೊಂಡ ಗಟ್ಟಿ ಫಲಕಗಳು ಇವುಗಳಲ್ಲಿವೆ. ಬಯಲುವಾಸಿಗಳು ಬಹುಕಾಲದಿಂದ ನೆಚ್ಚಿದ ಜೋಡಿಯಿದು. ಆದರೆ ಒಂದೊಂದೂ ಸುಮಾರು 28 ಕಿಲೋ. ಎತ್ತರವೂ ಹೆಚ್ಚು, ಹಳೆಯ ಪೆಟ್ಟಿಗೆಯ ಮುಚ್ಚಳ ಕೂರುವುದಿಲ್ಲ.

ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್. ಲೆಡ್ ಆಸಿಡ್ ಬ್ಯಾಟರಿ 1859ರಲ್ಲಿ ಫ್ರಾನ್ಸಿನ ಗಾಸ್ಟೋ ಪ್ಲಾಂಟೆ ರೂಪಿಸಿದ್ದು. ಅದರ ಮುಂದೆ ಲಿಥಿಯಂ ಐರನ್ ಫಾಸ್ಫೇಟ್ ತೀರಾ ಈಚಿನದು. 1997ರಲ್ಲಿ ಈ ವಸ್ತುವಿನ ಗುಣವನ್ನು ಜಗತ್ತಿಗೆ ತಿಳಿಸಿದ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ: ಪಾಢಿ, ನಂಜುಂಡಸ್ವಾಮಿ ಮತ್ತು ಟೆಕ್ಸಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್. ಮೂರನೆಯವರಿಗೆ ಲಿಥಿಯಂ ಬ್ಯಾಟರಿಗಳ ಮೇಲಿನ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಪಾಲು ಬಂತು. 100 ಆಂಪಿಯರ್-ಅವರ್‌ನ ಇಂಥ ಬ್ಯಾಟರಿ 11ರಿಂದ 14 ಕಿಲೋ ತೂಗುತ್ತದೆ. ಶೇ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು, ಸಾವಿರಾರು ಸಲ ತುಂಬಿ ಖಾಲಿ ಮಾಡಬಹುದು. ಬೆಲೆ ಹೆಚ್ಚು, ಮತ್ತು ಒಂದು ದೌರ್ಬಲ್ಯವಿದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಸೇರದೆ ಲೋಹವಾಗಿ ಮೇಲ್ಪದರದಲ್ಲೇ ಕಟ್ಟಿಕೊಳ್ಳುತ್ತದೆ. ಆ ಹಾನಿ ವಾಸಿಯಾಗುವಂಥದ್ದಲ್ಲ. ಒಳ್ಳೆಯ ಬ್ಯಾಟರಿಗಳ ಒಳಗಿನ ನಿಯಂತ್ರಕ ಅಂಥ ಹೊತ್ತಿನಲ್ಲಿ ಚಾರ್ಜನ್ನು ತಡೆಯುತ್ತದೆ.

ಎಲ್ಲಿ ಕೂರಿಸುವುದು

ಟ್ರೇಲರಿನ ಮುಂದೆ ಇಂಗ್ಲಿಷಿನ ಎ ಅಕ್ಷರದಂತೆ ಚಾಚಿಕೊಂಡಿರುವ ಉಕ್ಕಿನ ಚೌಕಟ್ಟೇ ಅದರ ಮೂಕಿ. ಗ್ಯಾಸ್ ಸಿಲಿಂಡರ್, ಎತ್ತುವ ಜ್ಯಾಕ್, ಕಾರ್ಖಾನೆಯ ಬ್ಯಾಟರಿ ಎಲ್ಲವೂ ಅಲ್ಲೇ. ಇದಕ್ಕೆ ಕಾರಣವಿದೆ. ನೀರು ತುಂಬುವ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ 4 ಮುಟ್ಟಿದರೆ ಒಂದು ಕಿಡಿಗೇ ಹೊತ್ತಿಕೊಳ್ಳಬಲ್ಲದು. ಹೀಗಾಗಿ ಇಂಥ ಬ್ಯಾಟರಿ ಮಲಗುವ ಕೋಣೆಯ ಮಂಚದಡಿಗೆ ಸಲ್ಲದು; ಹೊರಗೆ, ಮೇಲ್ಭಾಗದಲ್ಲಿ ಗಾಳಿಕಿಂಡಿಯಿರುವ ಪೆಟ್ಟಿಗೆಯಲ್ಲೇ ಇರಬೇಕು. ಲಿಥಿಯಂ ಐರನ್ ಫಾಸ್ಫೇಟ್ ಚಾರ್ಜ್ ಆಗುವಾಗ ಗ್ಯಾಸ್ ಬಿಡುವುದಿಲ್ಲ. ಅದನ್ನು ಒಳಗಿನ ಸಾಮಾನಿನ ಗೂಡಿನಲ್ಲಿ ಬೆಚ್ಚಗೆ ಇಡುವುದೇ ಲೇಸು. ಚಳಿಯ ತೊಂದರೆಯೂ ಕಡಿಮೆ, ಕಳ್ಳರ ಕಣ್ಣೂ ಬೀಳದು.

ಮೂಕಿಯ ಮೇಲೆ ಎರಡು ಬ್ಯಾಟರಿ ಕೂರಿಸಲು ಆಂಗಲ್ ಕಬ್ಬಿಣದ ತಟ್ಟೆ ಬೇಕು. ಅದನ್ನು ಬೆಸುಗೆ ಹಾಕಿಸಬಹುದು, ಇಲ್ಲವೇ ಯು-ಬೋಲ್ಟ್‌ಗಳಿಂದ ಚೌಕಟ್ಟಿಗೆ ಬಿಗಿಯಬಹುದು. ಚೌಕಟ್ಟಿನ ಮೇಲಿನ, ಕೆಳಗಿನ ಅಂಚುಗಳಿಗೆ ರಂಧ್ರ ಕೊರೆಯಬಾರದು. ಭಾರದ ಒತ್ತಡ ಹೆಚ್ಚಾಗಿ ಬೀಳುವುದು ಆ ಅಂಚುಗಳ ಮೇಲೆಯೇ. ಬಿಗಿಯುವ ಮೊದಲು ಖಾಲಿ ಪೆಟ್ಟಿಗೆಯಿಟ್ಟು ನೋಡಿ. ಪಿಕಪ್‌ನ ಹಿಂಬಾಗಿಲು ತೆರೆದಾಗ ತಾಗುತ್ತದೆಯೇ, ಜ್ಯಾಕಿನ ಹಿಡಿ ತಿರುಗುತ್ತದೆಯೇ, ಗಾಡಿ ಪೂರ್ತಿ ತಿರುಗಿದಾಗ ಬಂಪರ್ ಬಡಿಯುತ್ತದೆಯೇ, ಸಿಲಿಂಡರ್ ಬಿಚ್ಚಲು ಕೈ ಹೋಗುತ್ತದೆಯೇ. ಇವೆಲ್ಲ ಸರಿಯಿದ್ದ ಮೇಲೆ ಪೆಟ್ಟಿಗೆಯ ಮೇಲೆ ಪಟ್ಟಿ ಬಿಗಿದು, ಬೀಗದ ಸರಳು ಅಡ್ಡ ಹಾಕಿ.

ಮೂಕಿಭಾರ

ಎತ್ತಿನ ಗಾಡಿಗೆ ಹುಲ್ಲು ಹೇರುವವರಿಗೆ ಈ ಲೆಕ್ಕ ಹೊಸದಲ್ಲ. ಭಾರ ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಹಿಡಿಯುತ್ತದೆ. ಮುಂದಕ್ಕೆ ಬಿದ್ದರೆ ಹೆಗಲು ಕುಸಿಯುತ್ತದೆ. ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಮೂಕಿಯ ತುದಿಯಲ್ಲಿ, ಅಂದರೆ ಎಳೆಯುವ ಗಾಡಿಯ ಕೊಂಡಿಯ ಮೇಲೆ ಕೂರಬೇಕು ಎಂಬುದು ಒಪ್ಪಿತ ಪದ್ಧತಿ. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸುತ್ತದೆ. ಹೆಚ್ಚಾದರೆ ಎಳೆಯುವ ಗಾಡಿಯ ಹಿಂಭಾಗ ಕುಗ್ಗಿ, ಮುಂದಿನ ಚಕ್ರ ಹಗುರಾಗಿ, ಸ್ಟಿಯರಿಂಗ್ ಮತ್ತು ಬ್ರೇಕಿನ ಹಿಡಿತ ಸಡಿಲುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ಸಾಮಾನು ತುಂಬಿದ ಟ್ರೇಲರ್ 2,700 ಕಿಲೋ, ಕೊಂಡಿಯ ಮೇಲಿನ ಭಾರ 330 ಕಿಲೋ, ಕೊಂಡಿಯ ಮಿತಿ 360 ಎಂದುಕೊಳ್ಳಿ. 22 ಕಿಲೋದ ಹಳೆಯ ಬ್ಯಾಟರಿ ತೆಗೆದು 6 ವೋಲ್ಟ್‌ನ ಎರಡನ್ನು ಇಟ್ಟಿರಿ: ಬ್ಯಾಟರಿ 56, ಕಬ್ಬಿಣದ ತಟ್ಟೆ ಮತ್ತು ಪೆಟ್ಟಿಗೆ 12, ಒಟ್ಟು 68. ನಿವ್ವಳ ಹೆಚ್ಚಳ 46 ಕಿಲೋ. ಬ್ಯಾಟರಿ ಕೊಂಡಿಯಿಂದ ಒಂದು ಮೀಟರ್ ಹಿಂದೆ, ಅಚ್ಚು ಐದು ಮೀಟರ್ ಹಿಂದೆ ಇದ್ದರೆ, ಸನ್ನೆಗೋಲಿನ ನಿಯಮದಂತೆ ಇದರ ಐದರಲ್ಲಿ ನಾಲ್ಕು ಪಾಲು, ಸುಮಾರು 37 ಕಿಲೋ, ಕೊಂಡಿಯ ಮೇಲೆ ಬೀಳುತ್ತದೆ. 330ಕ್ಕೆ 37 ಸೇರಿ 367, ಮಿತಿ ದಾಟಿತು. ಅದೇ ಜಾಗಕ್ಕೆ 100 ಆಂಪಿಯರ್-ಅವರ್‌ನ ಎರಡು ಲಿಥಿಯಂ ಬ್ಯಾಟರಿ ಬಂದಿದ್ದರೆ ತಟ್ಟೆ, ಪೆಟ್ಟಿಗೆ ಸಮೇತ ನಿವ್ವಳ ಹೆಚ್ಚಳ 12ರಿಂದ 18 ಕಿಲೋ, ಕೊಂಡಿಗೆ ಬರುವುದು ಸುಮಾರು 10ರಿಂದ 14. ದುಬಾರಿ ಬ್ಯಾಟರಿಗೆ ಕೊಟ್ಟ ಹಣದಲ್ಲಿ ಒಂದು ಪಾಲು ಈ ಹಗುರತನದ್ದು.

ಮುಂದೆ ಭಾರವಾಯಿತೆಂದು ಹಿಂದಿನ ಬಂಪರಿಗೆ ಬ್ಯಾಟರಿ ತೂಗುಹಾಕುವುದು ಪರಿಹಾರವಲ್ಲ. ಅನೇಕ ಟ್ರೇಲರ್‌ಗಳ ಬಂಪರ್ ತೆಳುವಾದ ಟೊಳ್ಳು ಕೊಳವೆ. ಅದು ಮುರಿಯದೆ ಉಳಿದರೂ ಅಚ್ಚಿನ ಹಿಂದಿನ ತೂಕ ಮೂಕಿಯನ್ನು ಮೇಲೆತ್ತಿ ಟ್ರೇಲರಿನ ಓಲಾಟವನ್ನು ಹೆಚ್ಚಿಸುತ್ತದೆ. ಭಾರದ ವಸ್ತುವಿಗೆ ಒಳ್ಳೆಯ ಜಾಗ ಅಚ್ಚಿನ ಮೇಲೆ ಅಥವಾ ಅದರ ತುಸು ಮುಂದೆ, ನೆಲಕ್ಕೆ ಹತ್ತಿರ.

ತಂತಿ, ಫ್ಯೂಸ್, ಬ್ರೇಕ್

12 ವೋಲ್ಟ್‌ನ ಲೋಕದಲ್ಲಿ ಸಣ್ಣ ಕೆಲಸಕ್ಕೂ ದೊಡ್ಡ ಕರೆಂಟು ಹರಿಯುತ್ತದೆ. 1,000 ವ್ಯಾಟ್‌ನ ಇನ್ವರ್ಟರ್ ಪೂರ್ತಿ ದುಡಿದರೆ 90ರಿಂದ 100 ಆಂಪಿಯರ್. ತೆಳು ತಂತಿ ಕಾಯುತ್ತದೆ, ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ. ಆದ್ದರಿಂದ ದಪ್ಪ ತಾಮ್ರ, ಗಿಡ್ಡ ದಾರಿ, ಒತ್ತಿ ಕೂರಿಸಿದ ಟರ್ಮಿನಲ್. ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಕಬ್ಬಿಣದ ಚೌಕಟ್ಟಿಗೆ ಉಜ್ಜಿ ತಂತಿಯ ಸಿಪ್ಪೆ ಸುಲಿದ ದಿನ ಬೆಂಕಿ ತಡೆಯುವುದು ಅದೊಂದೇ. ಸಮಾಂತರ ಜೋಡಣೆಯಲ್ಲಿ ಪ್ಲಸ್ ತಂತಿಯನ್ನು ಮೊದಲ ಬ್ಯಾಟರಿಯಿಂದ, ಮೈನಸ್ ತಂತಿಯನ್ನು ಕೊನೆಯ ಬ್ಯಾಟರಿಯಿಂದ ತೆಗೆದರೆ ಎರಡೂ ಸಮನಾಗಿ ದುಡಿಯುತ್ತವೆ.

ಅಮೆರಿಕದ ಟ್ರೇಲರ್‌ಗಳಲ್ಲಿ ಒಂದು ಬಲೆಯಿದೆ. ಕಾರಿನಲ್ಲಿ ಕಪ್ಪು ತಂತಿ ಮೈನಸ್. ಟ್ರೇಲರಿನ 12 ವೋಲ್ಟ್ ತಂತಿಗಳಲ್ಲಿ ಹೆಚ್ಚಾಗಿ ಕಪ್ಪು ಪ್ಲಸ್, ಬಿಳಿ ಮೈನಸ್. ಬಣ್ಣ ನಂಬದೆ ಮೀಟರ್ ಹಿಡಿದು ನೋಡಬೇಕು. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಉಂಗುರ, ಕಡಗ ತೆಗೆದಿಡಿ.

ಇನ್ನೊಂದು ತಂತಿಯನ್ನು ಮರೆಯಲೇಬಾರದು. ಓಡುವಾಗ ಟ್ರೇಲರ್ ಕಳಚಿಕೊಂಡರೆ ಒಂದು ಸರಿಗೆ ಸೆಳೆದು ಸ್ವಿಚ್ ಆನ್ ಆಗುತ್ತದೆ, ಟ್ರೇಲರಿನ ಬ್ರೇಕು ತಾನಾಗಿ ಹಿಡಿಯುತ್ತದೆ. ಆ ಬ್ರೇಕಿಗೆ ಶಕ್ತಿ ಇದೇ ಬ್ಯಾಟರಿಯದು. ಬ್ಯಾಟರಿ ಸ್ಥಳಾಂತರಿಸುವಾಗ ಈ ತಂತಿಯನ್ನು ಬಿಡುವುದು, ಇಲ್ಲವೇ ಬ್ಯಾಟರಿಯನ್ನು ಬಂದ್ ಮಾಡುವ ಸ್ವಿಚ್ಚಿನ ಆಚೆಗೆ ಕೊಡುವುದು ಪ್ರಾಣಕ್ಕೆ ಎರವಾಗುವ ತಪ್ಪು.

ತುಂಬಿಸುವ ದಾರಿ

ಬ್ಯಾಟರಿ ಕೂಡಿಡುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಪಿಕಪ್‌ನಿಂದ ಕೊಂಡಿಯ ಪ್ಲಗ್ ಮೂಲಕ ಬರುವ ಕರೆಂಟು ಉದ್ದದ ತೆಳು ತಂತಿಯಲ್ಲಿ ಹಾದು ಸೊರಗುತ್ತದೆ. ಅದಕ್ಕೆ ಆ ವೋಲ್ಟೇಜನ್ನು ಮತ್ತೆ ಎತ್ತಿಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. ಟ್ರೇಲರಿನೊಳಗಿನ ಹಳೆಯ ಚಾರ್ಜರ್ 13.6 ವೋಲ್ಟ್‌ನಲ್ಲೇ ನಿಲ್ಲುವಂಥದ್ದಾದರೆ ಲಿಥಿಯಂ ಬೇಡುವ 14.4ರ ಆಸುಪಾಸಿನ ಮಟ್ಟ ಮುಟ್ಟದು, ಅದನ್ನೂ ಬದಲಿಸಬೇಕಾಗುತ್ತದೆ. ನಮ್ಮ 70 ಆಂಪಿಯರ್-ಅವರ್‌ನ ದಿನಕ್ಕೆ ಅರಿಜೋನಾದ ತಿಳಿ ಬಿಸಿಲಿನಲ್ಲಿ ಸುಮಾರು 300 ವ್ಯಾಟ್ ಸೋಲಾರ್ ಫಲಕ ಸರಿದೂಗುತ್ತದೆ. ಡಿಸೆಂಬರಿನಲ್ಲಿ, ಮರದ ನೆರಳಿನಲ್ಲಿ ಸಾಲದು. ಜನರೇಟರ್ ಇಟ್ಟುಕೊಂಡವರು ಅದನ್ನು ಬೆಳಿಗ್ಗೆ ಓಡಿಸಲಿ. ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿ ಮೊದಲು ಗಬಗಬನೆ ತುಂಬಿಕೊಳ್ಳುತ್ತದೆ, ಕೊನೆಯ ಐದನೇ ಒಂದು ಪಾಲಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಆ ನಿಧಾನದ ಭಾಗವನ್ನು ಬಿಸಿಲಿಗೆ ಬಿಟ್ಟರೆ ಇಂಧನವೂ ಉಳಿಯಿತು, ನೆರೆಯವರ ನೆಮ್ಮದಿಯೂ ಉಳಿಯಿತು.

ವಾರಾಂತ್ಯಕ್ಕೆ ಹೋಗಿಬರುವವರಿಗೆ 6 ವೋಲ್ಟ್‌ನ ಜೋಡಿ ಇಂದಿಗೂ ಲಾಭದ ಆಯ್ಕೆ, ಕೊಂಡಿಗೆ ಆ ಭಾರ ಹೊರುವ ಶಕ್ತಿಯಿದ್ದರೆ ಮಾತ್ರ. ವಾರಗಟ್ಟಲೆ ಬಯಲಿನಲ್ಲಿ ಇರುವವರಿಗೆ, ಕೊಂಡಿಯ ಮಿತಿ ಹತ್ತಿರವಾದವರಿಗೆ ಒಳಗಿಟ್ಟ ಲಿಥಿಯಂ ಸರಿ. ಯಾವುದನ್ನೇ ಆರಿಸಿ, ಸಾಮಾನು, ನೀರು, ಗ್ಯಾಸ್ ತುಂಬಿದ ಟ್ರೇಲರನ್ನು ಲಾರಿ ನಿಲ್ದಾಣದ ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಮೂಕಿಯ ಭಾರವನ್ನು ಬೇರೆಯಾಗಿ ಅಳೆದು, ಆ ಎರಡು ಅಂಕಿಗಳನ್ನು ಬರೆದುಕೊಂಡೇ ಬ್ಯಾಟರಿ ಅಂಗಡಿಗೆ ಹೋಗಿ.