ಗಾಮಾ ಕಿರಣ ಬಿದ್ದದ್ದು ಎಲ್ಲಿ?

ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಎಂದರೆ ನಮಗೆ ನೆನಪಾಗುವುದು ರೇಡಾರ್, ಮತಯಂತ್ರ. ಆದರೆ ಭಾಭಾ ಅಣು ಸಂಶೋಧನಾ ಕೇಂದ್ರದ ಜೊತೆಗೂಡಿ ಅದು ತಯಾರಿಸಿದ ಸುಮಾರು 1,000 ಸಿಲಿಕಾನ್ ಪಟ್ಟಿ ಶೋಧಕಗಳು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯಕ್ಕೆ ಹೋಗಿವೆ. ಕನ್ನಡ ನಾಡಿನ ಪ್ರತಿಯೊಬ್ಬ ವಿಜ್ಞಾನ ವಿದ್ಯಾರ್ಥಿಗೂ ಇದು ಗೊತ್ತಿರಬೇಕು.

ಸರ್ನ್‌ನಲ್ಲಿ ಆ ಶೋಧಕಗಳನ್ನು ಅಳವಡಿಸಿಕೊಂಡ ಸಿಎಂಎಸ್ ಪ್ರಯೋಗ 2012ರ ಜುಲೈ 4ರಂದು ಹಿಗ್ಸ್ ಕಣದ ಸುಳಿವನ್ನು ಪ್ರಕಟಿಸಿತು. ಹಿಗ್ಸ್ ಕೆಲವೊಮ್ಮೆ ಎರಡು ಗಾಮಾ ಕಿರಣಗಳಾಗಿ ಒಡೆಯುತ್ತದೆ. ತೊಡಕೆಂದರೆ, ಪೈ-ಶೂನ್ಯ ಎಂಬ ಮಾಮೂಲಿ ಕಣವೂ ಹಾಗೆಯೇ ಒಡೆಯುತ್ತದೆ. ಅದರ ವೇಗ ಹೆಚ್ಚಿದಷ್ಟೂ ಆ ಜೋಡಿ ಹತ್ತಿರ ಹತ್ತಿರ ಸಾಗುತ್ತದೆ. ಕಿರಣಗಳ ಶಕ್ತಿ ಅಳೆಯುವ ಸುಮಾರು 3 ಸೆಂ.ಮೀ. ಅಗಲದ ಹರಳಿಗೆ ಎರಡೂ ಸೇರಿ ಒಂದೇ ಕಿರಣದಂತೆ ಕಾಣುತ್ತವೆ. ಅವನ್ನು ಬಿಡಿಸಿ ನೋಡಲು ಹರಳುಗಳ ಮುಂದೆ ಸೀಸದ ತಗಡು, ಅದರ ಹಿಂದೆ ಸಿಲಿಕಾನ್ ಇಟ್ಟರು. ಸೀಸದಲ್ಲಿ ಗಾಮಾ ಕಿರಣ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳನ್ನು ಹುಟ್ಟಿಸುತ್ತದೆ. ಅವು ಸಿಲಿಕಾನನ್ನು ಹಾದುಹೋಗುವಾಗ, ಅಲ್ಲಿ ಚೆಲ್ಲುವ ಪ್ರತಿ 3.6 ಎಲೆಕ್ಟ್ರಾನ್ ವೋಲ್ಟಿಗೆ ಸರಾಸರಿ ಒಂದು ಎಲೆಕ್ಟ್ರಾನ್-ರಂಧ್ರ ಜೋಡಿ ಬಿಡುಗಡೆಯಾಗುತ್ತದೆ. ವಿದ್ಯುತ್ ಕ್ಷೇತ್ರ ಆ ವಿದ್ಯುದಂಶವನ್ನು ಹತ್ತಿರದ ಪಟ್ಟಿಗೆ ಎಳೆಯುತ್ತದೆ. 6.3 ಸೆಂ.ಮೀ. ಚೌಕದ ಒಂದೊಂದು ಶೋಧಕದಲ್ಲೂ ಇಂಥ 32 ಪಟ್ಟಿಗಳು, ನಡುವಿನಿಂದ ನಡುವಿಗೆ 1.9 ಮಿ.ಮೀ. ಅಂತರ. ಶೋಧಕಗಳ ಎರಡು ಪದರಗಳಲ್ಲಿ ಒಂದರ ಪಟ್ಟಿಗಳು ಅಡ್ಡಕ್ಕೆ, ಇನ್ನೊಂದರವು ಉದ್ದಕ್ಕೆ.

ದಾವಣಗೆರೆ ಸೀಮೆಯ ಮೆಕ್ಕೆಜೋಳದ ಹೊಲದಲ್ಲಿ ಆಲಿಕಲ್ಲು ಯಾವ ಸಾಲಿಗೆ ಬಿತ್ತೆಂದಷ್ಟೇ ಗೊತ್ತಾದರೆ, ಸಾಲಿನ ನಡುಮಧ್ಯೆ ಬಿತ್ತೆಂದು ಹೇಳಿಬಿಡುವುದೇ ಸರಿಯಾದ ಊಹೆ. ಆ ಊಹೆಯ ತಪ್ಪಿನ ಆರ್‌ಎಂಎಸ್ ಬೆಲೆ (ತಪ್ಪುಗಳ ವರ್ಗಗಳ ಸರಾಸರಿಯ ವರ್ಗಮೂಲ) ಸಾಲಿನ ಅಂತರವನ್ನು 12ರ ವರ್ಗಮೂಲದಿಂದ ಭಾಗಿಸಿದಷ್ಟು. 1.9 ಮಿ.ಮೀ. ಅಂತರದ ಪಟ್ಟಿಗಳಿಗೆ ಅದು ಸುಮಾರು 0.55 ಮಿ.ಮೀ. ವಿದ್ಯುದಂಶ ಅಕ್ಕಪಕ್ಕದ ಎರಡು ಪಟ್ಟಿಗಳಿಗೂ ಹಂಚಿಹೋದರೆ ಯಾವುದಕ್ಕೆ ಎಷ್ಟು ಸಿಕ್ಕಿತೆಂದು ತೂಗಿ ಇನ್ನೂ ನಿಖರವಾಗಿ ಹೇಳಬಹುದು. ಹಾಗೆಂದು ಪಟ್ಟಿಯನ್ನು ಕಿರಿದಾಗಿಸುತ್ತಲೇ ಹೋದರೆ ಲಾಭವಿಲ್ಲ. ಸಂಕೇತ ಹಲವು ಪಟ್ಟಿಗಳಿಗೆ ಹರಿದು ಸಣ್ಣದಾಗಿ, ಕೊನೆಗೆ ಗದ್ದಲದಲ್ಲಿ ಮುಳುಗುತ್ತದೆ.

ಇದೆಲ್ಲ ಲೆಕ್ಕ. ಶೋಧಕ ನಿಜಕ್ಕೂ ಎಷ್ಟು ನಿಖರ ಎಂದು ತಿಳಿಯಬೇಕಾದರೆ ಕಿರಣ ಬೀಳುವ ಜಾಗ ನಮಗೆ ಮೊದಲೇ ಗೊತ್ತಿರಬೇಕು. ಪ್ರಯೋಗಾಲಯದಲ್ಲಿ ಪಟ್ಟಿಗಿಂತ ಕಿರಿದಾದ ಸೀಳುಳ್ಳ ಟಂಗ್‌ಸ್ಟನ್ ತಡೆಯ ಮೂಲಕ ವಿಕಿರಣ ಹಾಯಿಸಿ, ಅದನ್ನು ಕೂದಲೆಳೆಯಷ್ಟೇ ಸರಿಸುತ್ತ, ಪಟ್ಟಿಯ ಎಣಿಕೆ ಏರಿ ಇಳಿಯುವುದನ್ನು ಗುರುತಿಸುತ್ತಾರೆ. ಏರಿಳಿತ ಕಡಿದಾದಷ್ಟೂ ಶೋಧಕ ಉತ್ತಮ. ಗಾಮಾ ಕಿರಣ ಸೀಳಿನ ಅಂಚನ್ನೂ ಭೇದಿಸಿ ನುಸುಳುವುದರಿಂದ ಆ ಸೋರಿಕೆಯನ್ನು ಕಳೆಯಲೇಬೇಕು. ಈ ಅಳತೆಯಲ್ಲಿ ಇದೊಂದು ಕಠಿಣ ಭಾಗ.

ಕಾಂಪ್ಟನ್ ಚದುರುವಿಕೆ ಇನ್ನೊಂದು ತೊಡಕು. ಕಿರಣ ಒಂದೆಡೆ ಬಡಿದು, ದಿಕ್ಕು ಬದಲಿಸಿ, ಮತ್ತೊಂದೆಡೆ ಉಳಿದ ಶಕ್ತಿಯನ್ನು ಚೆಲ್ಲುತ್ತದೆ. ಆದರೆ 2015ರ ಸೆಪ್ಟೆಂಬರ್ 28ರಂದು ಹಾರಿದ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ ಈ ತೊಡಕನ್ನೇ ಬಳಸಿಕೊಂಡಿತು. ಅದರ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಶೋಧಕದ ಪಿಕ್ಸೆಲ್‌ಗಳು ಸುಮಾರು 2.5 ಮಿ.ಮೀ. ಅಗಲ. ಪಕ್ಕಪಕ್ಕದ ಪಿಕ್ಸೆಲ್‌ಗಳಲ್ಲಿ ಒಟ್ಟಿಗೆ ಸಿಕ್ಕ ಬಡಿತಗಳು ಯಾವ ದಿಕ್ಕಿಗೆ ಹೆಚ್ಚು ಎಂದು ಎಣಿಸಿಯೇ ಏಡಿ ನೀಹಾರಿಕೆಯಿಂದ ಬರುವ ಕ್ಷ-ಕಿರಣಗಳ ಧ್ರುವೀಕರಣವನ್ನು ಅಳೆದು, ಭಾರತೀಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು.