ಡಿಕ್ಕಿಗೆ ಮುಂಚಿನ ಮೂವತ್ತು ಸೆಕೆಂಡು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಚಾಲಕರಹಿತ ತಂತ್ರಜ್ಞಾನದ ಕಾರುಗಳನ್ನು ರಸ್ತೆಯಲ್ಲಿ ಪರೀಕ್ಷಿಸುವ ಕಂಪನಿಗಳು, ಆಸ್ತಿಹಾನಿ, ಗಾಯ ಅಥವಾ ಸಾವು ಉಂಟಾದ ಪ್ರತಿ ಡಿಕ್ಕಿಯ ವರದಿಯನ್ನೂ 10 ದಿನಗಳೊಳಗೆ ಮೋಟಾರು ವಾಹನ ಇಲಾಖೆಗೆ ಸಲ್ಲಿಸಬೇಕೆಂಬ ನಿಯಮ ರೂಪುಗೊಂಡಿತು. ಬಂಪರಿಗೆ ಪೆಟ್ಟಾದರೂ ವರದಿ ತಪ್ಪದು. ಆದರೆ ಸ್ಟೀರಿಂಗ್, ವೇಗ, ಬ್ರೇಕುಗಳನ್ನು ಯಂತ್ರವೇ ನಿಭಾಯಿಸಿದರೂ ಚಾಲಕನು ಸದಾ ರಸ್ತೆಯ ಮೇಲೆ ಕಣ್ಣಿಟ್ಟಿರಬೇಕಾದ, ಎರಡನೆಯ ಹಂತದ್ದೆಂದು ಕರೆಯಲಾಗುವ ಚಾಲಕ-ನೆರವು ವ್ಯವಸ್ಥೆಗಳು ಆ ನಿಯಮದ ಹೊರಗೇ ಉಳಿದವು. ರಸ್ತೆಯಲ್ಲಿ ಹೆಚ್ಚು ಓಡಾಡುವುದು ಇಂಥ ಕಾರುಗಳೇ ಎಂಬುದು ಇಲ್ಲಿನ ವಿಪರ್ಯಾಸ.

ಈ ಕೊರತೆಯನ್ನು ಭಾಗಶಃ ತುಂಬಿದ್ದು ಒಕ್ಕೂಟ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಯು 2021ರ ಜೂನ್‌ನಲ್ಲಿ ಹೊರಡಿಸಿದ ಆದೇಶ. ಡಿಕ್ಕಿಗೆ ಮುಂಚಿನ 30 ಸೆಕೆಂಡುಗಳಲ್ಲಿ ಯಾವುದೇ ಕ್ಷಣ ಇಂಥ ವ್ಯವಸ್ಥೆ ಚಾಲನೆಯಲ್ಲಿದ್ದರೆ, ಸಾವು ಸಂಭವಿಸಿದ ಅಥವಾ ಏರ್‌ಬ್ಯಾಗ್ ತೆರೆದುಕೊಂಡಂಥ ಗಂಭೀರ ಅಪಘಾತಗಳನ್ನು ತಯಾರಕರು ತಿಳಿಸಲೇಬೇಕೆಂದು ಅದು ವಿಧಿಸಿತು. ಕೊನೆಯ ಗಳಿಗೆಯಲ್ಲಿ ವ್ಯವಸ್ಥೆ ತಾನಾಗಿ ನಿಷ್ಕ್ರಿಯಗೊಂಡರೂ ತಯಾರಕರು ನುಣುಚಿಕೊಳ್ಳದಂತೆ ಮಾಡುವ ಜಾಣತನ ಈ 30 ಸೆಕೆಂಡುಗಳಲ್ಲಿದೆ. 2022ರ ಜೂನ್‌ನಲ್ಲಿ ಪ್ರಕಟವಾದ ಮೊದಲ ಅಂಕಿಅಂಶಗಳಲ್ಲಿ ಎರಡನೆಯ ಹಂತದ 392 ಅಪಘಾತಗಳಿದ್ದು, ಅವುಗಳಲ್ಲಿ 273 ಟೆಸ್ಲಾ ಕಾರುಗಳಿಗೆ ಸೇರಿದ್ದವು. ಹಾಗೆಂದು ಟೆಸ್ಲಾವೇ ಹೆಚ್ಚು ಅಪಾಯಕಾರಿ ಎಂದು ತೀರ್ಮಾನಿಸುವುದು ದುಡುಕಾದೀತು. ಅದರ ಕಾರುಗಳು ಅಪಘಾತದ ಮಾಹಿತಿಯನ್ನು ನಿಸ್ತಂತು ಸಂಪರ್ಕದ ಮೂಲಕ ಕಂಪನಿಗೆ ತಾವೇ ರವಾನಿಸಿದರೆ, ಇತರ ಹಲವು ತಯಾರಕರಿಗೆ ಗ್ರಾಹಕರು ದೂರು ಕೊಟ್ಟಾಗಲಷ್ಟೇ ವಿಷಯ ತಿಳಿಯುತ್ತದೆ. ಕಾರುಗಳು ಒಟ್ಟು ಎಷ್ಟು ಮೈಲಿ ಓಡಿದ್ದವೆಂಬ ಲೆಕ್ಕವಂತೂ ಆ ಅಂಕಿಅಂಶಗಳಲ್ಲಿ ಇರಲೇ ಇಲ್ಲ.