ಪಹಣಿಯ ಹಳೆಯ ಪದ, ಕಂಪ್ಯೂಟರಿನ ಹೊಸ ಲೆಕ್ಕ
ಎಕರೆ-ಗುಂಟೆ-ಆಣೆಯನ್ನು ಸರಿಯಾಗಿ ಓದಿರಿ, ನಷ್ಟ ತಪ್ಪಿಸಿರಿ

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಾಗ ಆಣೆಯ ಲೆಕ್ಕ ಮುಗಿಯಿತು. ಸಂತೆಯಿಂದ ಮರೆಯಾದ ಈ ಆಣೆ ನಿಮ್ಮ ಪಹಣಿಯಲ್ಲಿ ಮಾತ್ರ ಇಂದಿಗೂ ಉಳಿದುಕೊಂಡಿದೆ. ಉಳಿದರೆ ತಪ್ಪೇನೂ ಇಲ್ಲ. ಆದರೆ ಅದರ ಅರ್ಥ ತಿಳಿಯದೆ ಅರ್ಜಿ ತುಂಬಿದರೆ ನಷ್ಟವಾಗುವುದು ರೈತನಿಗೆ.

ಆಣೆ ಬಂದದ್ದು ಎಲ್ಲಿಂದ?

ಹಿಂದೆ ಜಮೀನು ಅಳೆಯಲು 33 ಅಡಿಯ ಸರಪಳಿ ಬಳಸುತ್ತಿದ್ದರು. ಸರಪಳಿಯನ್ನು 16 ಭಾಗ ಮಾಡಿ, ಒಂದೊಂದನ್ನು ಒಂದು ಆಣೆ ಎಂದು ಕರೆದರು. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ. ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಗುಂಟೆಯ ಹದಿನಾರನೆಯ ಒಂದು ಪಾಲು ಒಂದು ಆಣೆ, ಸುಮಾರು 68 ಚದರ ಅಡಿ. ದಕ್ಷಿಣ ಕನ್ನಡದ ಕಡೆ ಎಕರೆಗೆ 100 ಸೆಂಟ್ಸ್ ಎನ್ನುವ ಲೆಕ್ಕವಿದೆ. ಆ ಪ್ರಕಾರ ಒಂದು ಗುಂಟೆ ಎರಡೂವರೆ ಸೆಂಟ್ಸ್ ಆಗುತ್ತದೆ.

ಈಗ ಅಳತೆಗೆ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಯಂತ್ರವೂ ಡ್ರೋನ್ ಕೂಡ ಬಂದಿವೆ. ಅವು ಅಳೆಯುವುದು ಮೀಟರಿನಲ್ಲಿ. ಪಹಣಿ ಹೇಳುವುದು ಎಕರೆ-ಗುಂಟೆಯಲ್ಲಿ. ಬೆಳೆ ವಿಮೆಯ ಮೊತ್ತ ನಿಗದಿಯಾಗುವುದು ಹೆಕ್ಟೇರಿನಲ್ಲಿ. ಮೂರು ಕಡೆ ಮೂರು ಭಾಷೆ.

ಚುಕ್ಕೆಯ ಮೋಸ

ಪಹಣಿಯ ವಿಸ್ತೀರ್ಣದ ಕಾಲಂನಲ್ಲಿ 2.20 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಇದನ್ನು ದಶಮಾಂಶವೆಂದು ತಿಳಿದು ಲೆಕ್ಕ ಹಾಕಿದರೆ ಎರಡು ಎಕರೆ ಎಂಟು ಗುಂಟೆ ಮಾತ್ರ ಆಗುತ್ತದೆ. ನಿಮ್ಮದೇ 12 ಗುಂಟೆ ಕಾಗದದ ಮೇಲೆ ಮಾಯ! ಹೆಕ್ಟೇರಿನಲ್ಲಿ ಹೇಳುವುದಾದರೆ 1.01 ಇರಬೇಕಾದದ್ದು 0.89 ಆಗುತ್ತದೆ. ವಿಮೆಯ ಮೊತ್ತವೂ ಅಷ್ಟಕ್ಕೇ ಇಳಿಯುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಆಗುವುದುಂಟು. ಒಂದು ಎಕರೆ ಐದು ಗುಂಟೆಯನ್ನು 1.5 ಎಂದು ಬರೆದರೆ ಓದಿದವರು ಒಂದೂವರೆ ಎಕರೆ ಎಂದುಕೊಳ್ಳುತ್ತಾರೆ. 45 ಗುಂಟೆ 60 ಗುಂಟೆ ಆಗುತ್ತದೆ. ಇಲ್ಲದ ಜಮೀನಿಗೆ ವಿಮೆ ಕೇಳಿದಂತಾಗಿ ತಕರಾರು ಹುಟ್ಟುತ್ತದೆ. ಆದ್ದರಿಂದ ಚುಕ್ಕೆ ಬಿಟ್ಟು '1 ಎಕರೆ 05 ಗುಂಟೆ' ಎಂದೇ ಬರೆಯಿರಿ.

ಲೆಕ್ಕ ಮಾಡುವ ಕ್ರಮ ಸುಲಭ. ಎಕರೆಯನ್ನು 40ರಿಂದ ಗುಣಿಸಿ, ಗುಂಟೆಯನ್ನು ಕೂಡಿಸಿ. ಬಂದ ಒಟ್ಟು ಗುಂಟೆಯನ್ನು 99ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಹೆಕ್ಟೇರು ಸಿಗುತ್ತದೆ. ಗೊಬ್ಬರದ ಶಿಫಾರಸು ಹೆಕ್ಟೇರಿಗೆ ಇದ್ದಾಗಲೂ ಇದೇ ಲೆಕ್ಕ ಸಾಕು.

ಕಾನೂನಿನಲ್ಲಿ ಪದ ಬದಲಾಗುವುದು ಹೇಗೆ?

ಹಳೆಯ ಪದಗಳನ್ನು ಒಮ್ಮೆಗೇ ತೆಗೆದುಹಾಕಬಾರದೇ ಎಂದು ನೀವು ಕೇಳಬಹುದು. ಪದ ಬದಲಿಸಿದ ಉದಾಹರಣೆಗಳು ಇವೆ. 1964ರ ಭೂ ಕಂದಾಯ ಕಾಯಿದೆ ಮೊದಲು 'ಮೈಸೂರು' ಕಾಯಿದೆಯಾಗಿತ್ತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾದಾಗ ಒಂದೇ ಆದೇಶದಿಂದ ಕಾಯಿದೆಗಳ ಹೆಸರಿನಲ್ಲೂ 'ಕರ್ನಾಟಕ' ಬಂತು. ವಂಶಪಾರಂಪರ್ಯದ ಶಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ಈಗ ಅವರೇ ಗ್ರಾಮ ಆಡಳಿತ ಅಧಿಕಾರಿಗಳು.

ಕೈಬರಹಕ್ಕೂ ಹೀಗೆಯೇ ಆಯಿತು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಒಂದೊಂದೇ ಕಾಯಿದೆಯನ್ನು ತಿದ್ದಲು ಹೋಗಲಿಲ್ಲ. 'ಬರವಣಿಗೆಯಲ್ಲಿರಬೇಕು' ಎಂದು ಕಾನೂನು ಹೇಳಿರುವಲ್ಲಿ, ಮುಂದೆ ತೆಗೆದು ನೋಡಲು ಸಿಗುವಂತೆ ಕಂಪ್ಯೂಟರಿನಲ್ಲಿದ್ದರೂ ಸಾಕು ಎಂದು ಒಂದು ಸಾಮಾನ್ಯ ನಿಯಮ ಮಾಡಿತು. ಉಯಿಲಿನಂಥ ಕೆಲವು ಪತ್ರಗಳಿಗೆ ಮಾತ್ರ ಇದು ಅನ್ವಯಿಸದು. ಅದೇ ಕಾಲಕ್ಕೆ ನಮ್ಮಲ್ಲಿ 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿ ನಿಂತಿತು.

ಆದರೆ ಗುಂಟೆ-ಆಣೆಯ ಮಾತು ಬೇರೆ. ಅಜ್ಜನ ಕ್ರಯಪತ್ರ, ವಿಭಾಗಪತ್ರ, ಸರ್ವೆ ಟಿಪ್ಪಣಿ, ಆಕಾರಬಂದಿ ಎಲ್ಲವೂ ಅದೇ ಲೆಕ್ಕದಲ್ಲಿವೆ. ಪದ ಕಿತ್ತುಹಾಕಿದರೆ ಹಳೆಯ ಪತ್ರಕ್ಕೂ ಹೊಸ ಪಹಣಿಗೂ ತಾಳೆ ನೋಡುವುದು ಕಷ್ಟವಾಗುತ್ತದೆ. ಹಳೆಯ ಪದವನ್ನು ಇಟ್ಟುಕೊಂಡು ಪಕ್ಕದಲ್ಲೇ ಹೆಕ್ಟೇರಿನ ಲೆಕ್ಕವನ್ನೂ ಅಚ್ಚು ಹಾಕುವುದು ಒಳ್ಳೆಯ ದಾರಿ. ನಿಮ್ಮ ಗ್ರಾಮ ಸಭೆಯಲ್ಲಿ ಈ ಬೇಡಿಕೆಯನ್ನು ಮುಂದಿಡಬಹುದು.

ಪಹಣಿ ಕೈಗೆ ಬಂದಾಗ ಗಮನಿಸಬೇಕಾದ ಅಂಶಗಳು

1. ಕಾಲಂ 3: ಒಟ್ಟು ವಿಸ್ತೀರ್ಣ ಮತ್ತು ಖರಾಬು. ಬಂಡೆ, ಕಣದಂಥ ಸಾಗುವಳಿಗೆ ಬಾರದ ಜಾಗ 'ಅ' ಖರಾಬು. ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ಜಾಗ 'ಬ' ಖರಾಬು. ಬೆಳೆಯ ಲೆಕ್ಕಕ್ಕೆ ಖರಾಬು ಕಳೆಯಿರಿ.

2. ಕಾಲಂ 9 ಮತ್ತು 10: ಮಾಲೀಕರ ಹೆಸರು, ಹಕ್ಕು ಬಂದ ಬಗೆ.

3. ಕಾಲಂ 11: ಸಾಲ ಮತ್ತು ಇತರ ಹಕ್ಕುಗಳು. ಸಾಲ ತೀರಿದ್ದರೆ ಋಣ ಇಲ್ಲಿಂದ ತೆಗೆಯಲಾಗಿದೆಯೇ ನೋಡಿರಿ.

4. ಕಾಲಂ 12: ಸಾಗುವಳಿ ಮತ್ತು ಬೆಳೆ. ಬೆಳೆ ಸಮೀಕ್ಷೆ ಈಗ ಮೊಬೈಲ್ ಆ್ಯಪ್‌ನಲ್ಲಿ ನಡೆಯುತ್ತದೆ. ಹೊಲದಲ್ಲಿ ತೊಗರಿ, ದಾಖಲೆಯಲ್ಲಿ ಜೋಳ ಎಂದಾದರೆ ವಿಮೆಗೂ ಬೆಂಬಲ ಬೆಲೆಗೂ ತೊಡಕು. ಸಮೀಕ್ಷೆಯ ಅವಧಿಯಲ್ಲೇ ಆಕ್ಷೇಪಣೆ ಸಲ್ಲಿಸಿರಿ.

ಪಹಣಿಯಲ್ಲಿ ನಮೂದಾದದ್ದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಕಾನೂನು ಭಾವಿಸುತ್ತದೆ. ಆದ್ದರಿಂದ ತಪ್ಪು ಕಂಡ ಕೂಡಲೇ ನಾಡಕಚೇರಿಗೆ ಅಥವಾ ತಾಲ್ಲೂಕು ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬೆಳೆಯ ವಿಚಾರವಾದರೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕೇಳಿರಿ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಪಹಣಿಯ ಮಾತು ಬಲ್ಲವನಿಗೆ ನಷ್ಟವೂ ಇಲ್ಲ.